ಹಸುಗೂಸನ್ನು ದತ್ತು ಪಡೆಯುವ ಮುನ್ನ: ವಿಶಾಖಪಟ್ಟಣ, ವಿಜಯವಾಡದ ಕನ್ನಡಿಗರಿಗೆ

‘ಆಸ್ಪತ್ರೆಯಲ್ಲೇ ಮಗು ಕೊಡಿಸುತ್ತೇವೆ, ಜನನ ಪತ್ರದಲ್ಲಿ ನಿಮ್ಮ ಹೆಸರೇ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. 2025ರ ಜುಲೈನಲ್ಲಿ ಹೈದರಾಬಾದ್ ಪೊಲೀಸರು ಇಂಥದ್ದೊಂದು ಪ್ರಕರಣ ಬಯಲಿಗೆಳೆದರು. ಸಿಕಂದರಾಬಾದ್‌ನ ಫರ್ಟಿಲಿಟಿ ಕೇಂದ್ರವೊಂದು ಬಾಡಿಗೆ ತಾಯ್ತನದ ಹೆಸರಿನಲ್ಲಿ ದಂಪತಿಯಿಂದ 30 ಲಕ್ಷಕ್ಕೂ ಹೆಚ್ಚು ಹಣ ಪಡೆದು, ವಿಶಾಖಪಟ್ಟಣದಲ್ಲಿ ಮಗು ಒಪ್ಪಿಸಿತ್ತು. ಡಿಎನ್‌ಎ ಪರೀಕ್ಷೆಯಲ್ಲಿ ಅದು ಅವರ ಮಗುವಲ್ಲವೆಂದು ಗೊತ್ತಾಯಿತು. ಬಡ ತಾಯಿಯಿಂದ ದುಡ್ಡು ಕೊಟ್ಟು ತಂದ ಕೂಸದು ಎಂಬುದು ಪೊಲೀಸರ ಆರೋಪ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 81ರಲ್ಲಿ ಮಗುವನ್ನು ಮಾರಿದವರಂತೆ ಕೊಂಡವರೂ ಅಪರಾಧಿಗಳೇ. ಐದು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ದಂಡ. ಬಂಧುಗಳ ನಡುವೆ 1956ರ ಹಿಂದೂ ದತ್ತಕ ಕಾಯ್ದೆಯಂತೆ ಕೊಟ್ಟು ತೆಗೆದುಕೊಳ್ಳಬಹುದು ನಿಜ. ಆದರೆ ಅಲ್ಲೂ ಹಣದ ಮಾತು ಬರುವಂತಿಲ್ಲ.

ನಿನ್ನೆ ಹುಟ್ಟಿದ ಕೂಸು ಸರ್ಕಾರಿ ದಾರಿಯಲ್ಲಿ ಸಿಗುವುದಿಲ್ಲ. ಹೆತ್ತವರು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದರೂ ಮನಸ್ಸು ಬದಲಿಸಲು ಅವರಿಗೆ 60 ದಿನ ಅವಕಾಶವಿದೆ. ತೊರೆದುಹೋದ ಮಗುವಾದರೆ ಹೆತ್ತವರಿಗಾಗಿ ಹುಡುಕಾಟ, ಪತ್ರಿಕಾ ಪ್ರಕಟಣೆ ಎಲ್ಲ ಮುಗಿಯಬೇಕು. ಆಮೇಲಷ್ಟೇ ಮಗು ದತ್ತಕಕ್ಕೆ ಮುಕ್ತವೆಂದು ಸಮಿತಿ ಘೋಷಿಸುತ್ತದೆ. ಹಾಗಾಗಿ ನಿಮ್ಮ ಕೈಗೆ ಬರುವ ಅತಿ ಚಿಕ್ಕ ಮಗುವಿಗೂ ಎರಡು–ಮೂರು ತಿಂಗಳು ತುಂಬಿರುತ್ತದೆ. ಈ ಕಾಯುವಿಕೆ ಹೆತ್ತ ತಾಯಿಯ ಹಕ್ಕು. ಅದನ್ನು ತಪ್ಪಿಸುವ ದಾರಿ ಹುಡುಕಬೇಡಿ.

ಇನ್ನು ಅರ್ಹತೆ. ಮದುವೆಯಾಗಿ ಕನಿಷ್ಠ ಎರಡು ವರ್ಷವಾಗಿರಬೇಕು. 2022ರ ದತ್ತಕ ನಿಯಮದಂತೆ ಎರಡು ವರ್ಷದೊಳಗಿನ ಮಗುವಿಗೆ ದಂಪತಿಯ ಒಟ್ಟು ವಯಸ್ಸು 85 ಮೀರಬಾರದು, ಒಂಟಿಯಾಗಿದ್ದರೆ 40. ಒಂಟಿ ಗಂಡಸಿಗೆ ಹೆಣ್ಣು ಮಗು ಸಿಗದು. ಅರ್ಹರಿದ್ದರೆ ಕೇಂದ್ರೀಯ ದತ್ತಕ ಪ್ರಾಧಿಕಾರದ, ಅಂದರೆ ‘ಕಾರಾ’ದ ಜಾಲತಾಣದಲ್ಲಿ ನೀವೇ ನೋಂದಾಯಿಸಿಕೊಳ್ಳಿ. ಏಜೆಂಟರ ಅಗತ್ಯವೇ ಇಲ್ಲ. ಪ್ಯಾನ್, ವಯಸ್ಸು, ವಿಳಾಸ, ಆದಾಯ, ಮದುವೆಯ ದಾಖಲೆ ಮತ್ತು ಇಬ್ಬರ ಆರೋಗ್ಯ ಪ್ರಮಾಣಪತ್ರ ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಊರು ಧಾರವಾಡವಾದರೂ ನೀವು ವಾಸವಿರುವ ವಿಶಾಖಪಟ್ಟಣದ ವಿಳಾಸವನ್ನೇ ಕೊಡಿ. ವಿಜಯವಾಡದವರು 2022ರಿಂದ ತಮ್ಮ ಜಿಲ್ಲೆ ಎನ್‌ಟಿಆರ್ ಎಂಬುದನ್ನು ಮರೆಯಬೇಡಿ. ಹಳೆಯ ದಾಖಲೆಗಳಲ್ಲಿ ಕೃಷ್ಣಾ ಜಿಲ್ಲೆ ಎಂದೇ ಇರುತ್ತದೆ. ಶುಲ್ಕದ ಪಟ್ಟಿಯೂ ಅದೇ ಜಾಲತಾಣದಲ್ಲಿದೆ. ರಸೀದಿಯಿಲ್ಲದೆ ಯಾರಿಗೂ ಏನೂ ಕೊಡಬೇಡಿ.

ಮುಂದೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಅಧ್ಯಯನ ವರದಿ ಬರೆಯುತ್ತಾರೆ. ಮನೆ ಥಳಥಳ ಹೊಳೆಯಬೇಕಿಲ್ಲ. ಅಜ್ಜಿ–ತಾತ ಒಪ್ಪಿದ್ದಾರೆಯೇ, ಇಬ್ಬರೂ ಕೆಲಸಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗಳಿಗೆ ಗಂಡ–ಹೆಂಡತಿ ಒಂದೇ ಉತ್ತರ ಕೊಡುವಂತಿರಲಿ. ಸಂಬಂಧಿಕರೆಲ್ಲ ದೂರದ ಕರ್ನಾಟಕದಲ್ಲಿದ್ದರೆ ಈ ಎರಡನೆಯ ಪ್ರಶ್ನೆ ಬರೀ ಔಪಚಾರಿಕವಲ್ಲ.

ಅಲ್ಲಿಂದ ಸರದಿ. ಚಿಕ್ಕ ಮಗುವಿಗಾಗಿ ಕಾಯುವ ಅವಧಿ ಮೂರು ವರ್ಷ ದಾಟುವುದು ಸಾಮಾನ್ಯ. ತೊಟ್ಟಿಲು ಈಗಲೇ ಕೊಳ್ಳಬೇಡಿ. ಮೊಬೈಲ್ ನಂಬರ್ ಮಾತ್ರ ಬದಲಿಸಬೇಡಿ, ಯಾಕೆಂದರೆ ಮಗುವಿನ ಫೋಟೊ, ವರದಿ ಬಂದಾಗ ಕಾಯ್ದಿರಿಸಲು ಸಿಗುವುದು 48 ಗಂಟೆ. ಆ ಹೊತ್ತಿಗೆ ವರದಿ ಓದಿ ಹೇಳಬಲ್ಲ ಮಕ್ಕಳ ವೈದ್ಯರೊಬ್ಬರು ನಿಮಗೆ ಪರಿಚಯವಿರಬೇಕು. ಎಚ್‌ಐವಿ, ಹೆಪಟೈಟಿಸ್ ಬಿ ಪರೀಕ್ಷೆ, ತೂಕ ಏರಿದ ಲೆಕ್ಕ, ಲಸಿಕೆಯ ವಿವರ ತೋರಿಸಿ. ಹುಟ್ಟಿದಾಗ ಬಿಸಿಜಿ, 6, 10, 14ನೇ ವಾರಗಳಲ್ಲಿ ಪೆಂಟಾವೇಲೆಂಟ್ ಆಗಿದೆಯೇ ನೋಡಿ.

ಮಗುವನ್ನು ನೋಡಲು ಶಿಶುಗೃಹಕ್ಕೆ ಹೋದಾಗ ಮ್ಯಾನೇಜರ್ ಜೊತೆ ಕಾಗದಪತ್ರ ಮುಗಿಸಿ ಸುಮ್ಮನೆ ಬಂದುಬಿಡಬೇಡಿ. ಮಗುವನ್ನು ದಿನವೂ ಎತ್ತಿಕೊಳ್ಳುವ ಆಯಾ ಪಕ್ಕ ಕೂತು ಕೇಳಿ: ಯಾವ ಹಾಲಿನ ಪುಡಿ, ಎಷ್ಟು ನೀರಿಗೆ ಎಷ್ಟು ಚಮಚ, ಯಾವ ಹೊತ್ತಿಗೆ ನಿದ್ದೆ, ಅಂಗಾತ ಮಲಗುತ್ತದೆಯೇ, ಏನೆಂದು ಕರೆಯುತ್ತೀರಿ. ಬರೆದುಕೊಳ್ಳಿ. ಮೊದಲ ವಾರಗಳಲ್ಲಿ ಅದೇ ಪುಡಿ, ಅದೇ ವೇಳೆ ಇರಲಿ. ಬದಲಿಸುವುದಾದರೆ ವೈದ್ಯರನ್ನು ಕೇಳಿ ನಿಧಾನವಾಗಿ. ಆಂಧ್ರದ ಶಿಶುಗೃಹವಾದರೆ ಮಗು ಇಷ್ಟು ದಿನ ಕೇಳಿದ್ದು ತೆಲುಗು. ನಿಮಗೆ ಬರುವ ನಾಲ್ಕು ತೆಲುಗು ಮಾತನ್ನೇ ಆಡಿ, ಕನ್ನಡ ತಾನಾಗಿ ಬರುತ್ತದೆ. ಆಯಾ ಉಡಿಸಿದ, ಒಗೆಯದ ಒಂದು ಬಟ್ಟೆಯನ್ನು ಕೇಳಿ ತನ್ನಿ. ಹೊಸ ಮನೆಯಲ್ಲಿ ಆ ವಾಸನೆ ಮಗುವಿಗೆ ಪರಿಚಿತ.

ಮಗುವನ್ನು ಒಪ್ಪಿ ಸಹಿ ಮಾಡಿದ ಮೇಲೆ, ದತ್ತಕ ಆದೇಶ ಬರುವ ಮೊದಲೇ, ಪೂರ್ವದತ್ತಕ ಪಾಲನೆಗೆಂದು ಮನೆಗೆ ಕರೆತರಬಹುದು. ಆದೇಶಕ್ಕೆ 2022ರ ಸೆಪ್ಟೆಂಬರ್‌ನಿಂದ ಕೋರ್ಟಿಗೆ ಹೋಗಬೇಕಿಲ್ಲ, ಕಲೆಕ್ಟರ್ ಹೊರಡಿಸುತ್ತಾರೆ. ನಿಮ್ಮ ಹೆಸರಿನ ಜನನ ಪತ್ರ ಆ ಆದೇಶದ ಆಧಾರದಲ್ಲೇ ಸಿಗುತ್ತದೆ. ಕೇಂದ್ರ ಸರ್ಕಾರಿ ನೌಕರಿಯ ತಾಯಿಗೆ ಒಂದು ವರ್ಷದೊಳಗಿನ ಮಗುವಿಗೆ 180 ದಿನ ರಜೆಯಿದೆ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ, ಖಾಸಗಿ ಕಂಪನಿಯವರು ತಮ್ಮ ಸಿಬ್ಬಂದಿ ವಿಭಾಗದಲ್ಲಿ ಲಿಖಿತವಾಗಿ ಕೇಳಿ. ಮಗು ಮನೆಗೆ ಬಂದ ಮೇಲೆ ಎರಡು ವರ್ಷಗಳ ಕಾಲ ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮಗುವನ್ನು ನೋಡಲು ಬರುತ್ತಾರೆ. ನಡುವೆ ಬೆಂಗಳೂರಿಗೆ ವರ್ಗವಾದರೆ ಹೊಸ ವಿಳಾಸವನ್ನು ದತ್ತಕ ಸಂಸ್ಥೆಗೆ ತಿಳಿಸಿಯೇ ಹೊರಡಿ.