ಪರದೇಶದ ವಿದ್ಯುತ್ತು ಮತ್ತು ಕೇಶಾಲಂಕಾರದ ಉಪಕರಣಗಳು

ಅಮೆರಿಕದಲ್ಲಿ ಹಲವು ವರ್ಷ ನೆಲೆಸಿದ್ದ ತರುಣಿಯೊಬ್ಬಳು ತಮ್ಮನ ಮದುವೆಗಾಗಿ ಬೆಂಗಳೂರಿನ ತವರಿಗೆ ಬಂದಿದ್ದಳು. ಮುಹೂರ್ತ ಬೆಳಗಿನ ಏಳೂವರೆಗೆ. ಐದು ಗಂಟೆಗೆ ತಲೆಗೆರೆದುಕೊಂಡು ಬಂದವಳು, ಕೂದಲನ್ನು ಬೇಗ ಒಣಗಿಸಿಕೊಳ್ಳಬೇಕೆಂದು ಅಲ್ಲಿಂದ ತಂದಿದ್ದ ಹೇರ್ ಡ್ರೈಯರನ್ನು ಹೊರತೆಗೆದಳು. ಅದರ ಪ್ಲಗ್ಗಿನ ಚಪ್ಪಟೆ ಕಾಲುಗಳು ನಮ್ಮ ಸಾಕೆಟ್ಟಿನ ದುಂಡು ರಂಧ್ರಗಳಿಗೆ ಹೊಂದುವುದಿಲ್ಲವೆಂಬುದು ಆಕೆಗೆ ತಿಳಿದಿತ್ತು. ಅದಕ್ಕಾಗಿ ವಿಮಾನನಿಲ್ದಾಣದಲ್ಲಿ ಒಂದು ಅಡಾಪ್ಟರನ್ನೂ ಕೊಂಡಿದ್ದಳು. ಗುಂಡಿಯನ್ನೊತ್ತಿದೊಡನೆ ಯಂತ್ರವು ಎಂದೂ ಇಲ್ಲದ ಆರ್ಭಟದಿಂದ ತಿರುಗಿತು. ಒಳಗಿನ ತಂತಿ ಕೆಂಡದಂತೆ ಹೊಳೆಯಿತು. ಪ್ಲಾಸ್ಟಿಕ್ ಸುಟ್ಟ ನಾತ ಬಂದಿತು. ಮರುಕ್ಷಣವೇ ಮನೆಯ ದೀಪಗಳೆಲ್ಲ ಆರಿಹೋದುವು. ಬೆದರಿ ಕೈಬಿಟ್ಟ ಯಂತ್ರವು ಬರಿಯ ನೆಲದ ಮೇಲೆ ಬಿದ್ದುದು ಪುಣ್ಯ. ಒಂದು ಮೊಳದಾಚೆಗೆ ಧಾರೆಯ ಸೀರೆಗಳನ್ನು ಮಡಿಸಿಟ್ಟಿದ್ದ ತಟ್ಟೆಯಿತ್ತು.

ಅಡಾಪ್ಟರು ಸರಿಯಾಗಿಯೇ ಇದ್ದಿತು; ಯಂತ್ರದಲ್ಲಿಯೂ ದೋಷವಿರಲಿಲ್ಲ. ಹಾಗಾದರೆ ಈ ಅನಾಹುತಕ್ಕೆ ಕಾರಣವೇನು? ಇಂದು ನಮ್ಮವರಲ್ಲಿ ಅನೇಕರು ವಿದ್ಯಾಭ್ಯಾಸಕ್ಕೋ ಉದ್ಯೋಗಕ್ಕೋ ಮಕ್ಕಳನ್ನು ಕಾಣುವುದಕ್ಕೋ ಪರದೇಶಗಳಿಗೆ ಹೋಗಿಬರುತ್ತಿರುವುದರಿಂದ ಈ ಪ್ರಶ್ನೆಯನ್ನು ತುಸು ವಿವರವಾಗಿ ಪರಿಶೀಲಿಸುವುದು ಅವಶ್ಯ.

ವೋಲ್ಟು ಇಮ್ಮಡಿಯಾದರೆ ಶಾಖ ನಾಲ್ಮಡಿ

ಮನೆಯ ಮೇಲಿನ ನೀರಿನ ತೊಟ್ಟಿಯನ್ನು ನೆನೆಯೋಣ. ತೊಟ್ಟಿ ಎತ್ತರದಲ್ಲಿದ್ದಷ್ಟೂ ಕೆಳಗಿನ ಕೊಳಾಯಿಯಲ್ಲಿ ನೀರಿನ ರಭಸ ಹೆಚ್ಚು. ವಿದ್ಯುತ್ತಿನಲ್ಲಿ ಈ ಎತ್ತರಕ್ಕೆ ಸಮನಾದುದು ವೋಲ್ಟು. ಹರಿಯುವ ನೀರಿನ ಮೊತ್ತಕ್ಕೆ ಸಮನಾದುದು ಆಂಪಿಯರು. ಕೊಳವೆಯು ಇಕ್ಕಟ್ಟಾಗಿದ್ದು ಹರಿವನ್ನು ತಡೆಯುವಂತೆ ತಂತಿಯು ವಿದ್ಯುತ್ತನ್ನು ತಡೆಯುವ ಗುಣಕ್ಕೆ ರೋಧವೆಂದು ಹೆಸರು. ಅದರ ಅಳತೆ ಓಮು. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರು ದೊರೆಯುತ್ತದೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಪ್ರತಿ ಸೆಕೆಂಡಿಗೆ ವ್ಯಯವಾಗುವ ಶಕ್ತಿ, ಎಂದರೆ ವಾಟು, ದೊರೆಯುತ್ತದೆ.

ಹೇರ್ ಡ್ರೈಯರಿನ ಒಳಗೆ ನಿಕ್ಕಲ್ ಮತ್ತು ಕ್ರೋಮಿಯಂ ಲೋಹಗಳ ಮಿಶ್ರಣವಾದ ನೈಕ್ರೋಮ್ ತಂತಿಯ ಸುರುಳಿಯಿರುತ್ತದೆ. ಕೆಂಪಗೆ ಕಾದರೂ ಬೇಗನೆ ಸುಟ್ಟುಹೋಗದಿರುವುದು ಈ ಮಿಶ್ರಲೋಹದ ಗುಣ. ಸುರುಳಿಯ ಹಿಂದೆ ಚಿಕ್ಕ ಮೋಟರಿನಿಂದ ತಿರುಗುವ ಬೀಸಣಿಗೆ ಇದ್ದು ಕಾದ ಗಾಳಿಯನ್ನು ಹೊರಕ್ಕೆ ನೂಕುತ್ತದೆ.

ಅಮೆರಿಕದ ಮನೆಗಳಲ್ಲಿ ಸಾಮಾನ್ಯ ಸಾಕೆಟ್ಟಿನ ವಿದ್ಯುತ್ತು ೧೨೦ ವೋಲ್ಟು, ಭಾರತದಲ್ಲಿ ೨೩೦. ಆ ತರುಣಿಯ ಯಂತ್ರವು ೧೨೦ ವೋಲ್ಟಿನಲ್ಲಿ ೧೨೦೦ ವಾಟಿನದೆಂದು ಇಟ್ಟುಕೊಳ್ಳೋಣ. ಅಲ್ಲಿ ಅದು ೧೦ ಆಂಪಿಯರನ್ನು ಎಳೆಯುತ್ತಿತ್ತು. ಆದುದರಿಂದ ಅದರ ರೋಧ ೧೨ ಓಮು. ಕಾದಾಗಲೂ ನೈಕ್ರೋಮಿನ ರೋಧ ಬಹಳವಾಗಿ ಬದಲಾಗುವುದಿಲ್ಲ. ಅದೇ ೧೨ ಓಮಿಗೆ ೨೩೦ ವೋಲ್ಟನ್ನು ಕೊಟ್ಟಾಗ ಹರಿಯುವುದು ೧೯ ಆಂಪಿಯರಿಗೂ ಮಿಗಿಲು; ವ್ಯಯವಾಗುವ ಶಕ್ತಿ ಸುಮಾರು ೪೪೦೦ ವಾಟು! ವೋಲ್ಟು ಇಮ್ಮಡಿಗೆ ಸಮೀಪಿಸಿದಾಗ ಆಂಪಿಯರೂ ಅಷ್ಟೇ ಪಾಲು ಏರುತ್ತದೆಯಾಗಿ, ಅವೆರಡರ ಗುಣಲಬ್ಧವಾದ ಶಾಖವು ನಾಲ್ಮಡಿಗೆ ಸಮೀಪಿಸುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ಚಿಪ್ಪಿನೊಳಗೆ ಇಷ್ಟು ಶಾಖ ಹುಟ್ಟಿದರೆ ಆಗುವುದೇನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅಡಾಪ್ಟರಿನ ವಿಚಾರ. ಅದು ಪ್ಲಗ್ಗಿನ ಆಕಾರವನ್ನು ಮಾತ್ರ ಬದಲಿಸುತ್ತದೆ. ವೋಲ್ಟನ್ನು ಮುಟ್ಟುವುದೇ ಇಲ್ಲ. ಅಮೆರಿಕದ ಡ್ರೈಯರುಗಳ ಪ್ಲಗ್ಗಿನಲ್ಲಿ ಕಾಣುವ ದಪ್ಪ ಪೆಟ್ಟಿಗೆಯನ್ನು ಕೆಲವರು ಪರಿವರ್ತಕವೆಂದು ಭ್ರಮಿಸುವುದುಂಟು. ಯಂತ್ರವು ಅಕಸ್ಮಾತ್ತಾಗಿ ನೀರಿಗೆ ಬಿದ್ದರೆ ವಿದ್ಯುತ್ತನ್ನು ಕಡಿದುಹಾಕುವ ರಕ್ಷಣಾ ಸಾಧನವದು. ವೋಲ್ಟನ್ನು ಇಳಿಸುವುದು ಅದರ ಕೆಲಸವಲ್ಲ.

ಇಲ್ಲಿಂದ ಅಲ್ಲಿಗೆ ಹೋದಾಗ

ನಮ್ಮ ದೇಶದ ಯಂತ್ರವನ್ನು ಅಮೆರಿಕಕ್ಕೆ ಒಯ್ದರೆ ಆಗುವುದು ಇದಕ್ಕೆ ವಿಪರೀತ. ೨೩೦ ವೋಲ್ಟಿನಲ್ಲಿ ೧೨೦೦ ವಾಟಿನದಾದ ಡ್ರೈಯರಿನ ರೋಧ ಸುಮಾರು ೪೪ ಓಮು. ೧೨೦ ವೋಲ್ಟಿನಲ್ಲಿ ಅದು ಕೊಡುವುದು ಸುಮಾರು ೩೨೭ ವಾಟು. ಜಪಾನಿನ ೧೦೦ ವೋಲ್ಟಿನಲ್ಲಿ ಸುಮಾರು ೨೨೭ ವಾಟು ಮಾತ್ರ. ಅನಾಹುತವಾಗುವ ಸಂಭವ ಕಡಮೆ. ಆದರೆ ಉಗುರುಬೆಚ್ಚಗಿನ ಮಂದಗಾಳಿಯಲ್ಲಿ ಉದ್ದ ಕೂದಲು ಒಣಗುವುದಕ್ಕೆ ಬಹಳ ಹೊತ್ತು ಕಾಯಬೇಕಾದೀತು. ಬ್ರಿಟನ್, ಯೂರೋಪಿನ ಬಹುಭಾಗ, ಆಸ್ಟ್ರೇಲಿಯ ಇವುಗಳಲ್ಲಿ ನಮ್ಮಂತೆಯೇ ೨೩೦ ವೋಲ್ಟು ಇರುವುದರಿಂದ ಅಲ್ಲಿ ಪ್ಲಗ್ಗಿನ ಆಕಾರವೊಂದೇ ತೊಡಕು. ಅಲ್ಲಿ ಮಾತ್ರ ಬರಿಯ ಅಡಾಪ್ಟರು ಸಾಕು; ಅದಾದರೂ ಯಂತ್ರವು ಎಳೆಯುವ ಆಂಪಿಯರನ್ನು ತಾಳಿಕೊಳ್ಳುವಂಥದಾಗಿರಬೇಕು.

ಈ ಭೇದ ಬಂದುದು ಹೇಗೆ?

ಪ್ರಕೃತಿಯ ನಿಯಮವು ಎಲ್ಲೆಡೆ ಒಂದೇ ಆಗಿರುವಾಗ ವೋಲ್ಟು ದೇಶಕ್ಕೊಂದು ಬಗೆಯಾದುದೇಕೆ? ಇದಕ್ಕೆ ಉತ್ತರ ಇತಿಹಾಸದಲ್ಲಿದೆ. ಎಡಿಸನ್ ೧೮೮೨ರಲ್ಲಿ ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುದಾಗಾರವನ್ನು ತೆರೆದಾಗ ಅಂದಿನ ಇಂಗಾಲದ ಎಳೆಯ ದೀಪಗಳಿಗೆ ಹೊಂದುವಂತೆ ಸುಮಾರು ೧೧೦ ವೋಲ್ಟನ್ನು ಆರಿಸಿಕೊಂಡನು. ಬರ್ಲಿನ್ ನಗರದ ವಿದ್ಯುತ್ ಸಂಸ್ಥೆಯು ೧೮೯೯ರಲ್ಲಿ ೨೨೦ ವೋಲ್ಟಿಗೆ ಬದಲಾಯಿಸಿತು. ವೋಲ್ಟು ಇಮ್ಮಡಿಯಾದರೆ ಅಷ್ಟೇ ಶಕ್ತಿಯನ್ನು ಅರ್ಧ ಆಂಪಿಯರಿನಲ್ಲಿ ಸಾಗಿಸಬಹುದು. ತಾಮ್ರದ ವೆಚ್ಚದಲ್ಲಿ ದೊಡ್ಡ ಉಳಿತಾಯ. ಯೂರೋಪು ಈ ದಾರಿಯನ್ನು ಹಿಡಿಯಿತು. ಅಮೆರಿಕದಲ್ಲಿ ಅಷ್ಟರಲ್ಲಿ ಮನೆಮನೆಗೂ ಕಡಮೆ ವೋಲ್ಟಿನ ದೀಪಗಳು ಸೇರಿಹೋಗಿದ್ದುವು, ಹಿಂದಿರುಗುವುದು ಸುಲಭವಾಗಲಿಲ್ಲ.

ಪರ್ಯಾಯ ವಿದ್ಯುತ್ತಿನ ಆವೃತ್ತಿಯ ಕತೆಯೂ ಇದೇ. ಜಪಾನಿನಲ್ಲಿ ಟೋಕಿಯೋ ನಗರವು ೧೮೯೫ರಲ್ಲಿ ಜರ್ಮನಿಯಿಂದ ೫೦ ಆವೃತ್ತಿಯ ಯಂತ್ರಗಳನ್ನೂ, ಓಸಾಕಾ ನಗರವು ಮರುವರ್ಷ ಅಮೆರಿಕದಿಂದ ೬೦ ಆವೃತ್ತಿಯ ಯಂತ್ರಗಳನ್ನೂ ತರಿಸಿದುವು. ಇಂದಿಗೂ ಆ ದೇಶದ ಪೂರ್ವಭಾಗ ೫೦ ಹರ್ಟ್ಸ್, ಪಶ್ಚಿಮಭಾಗ ೬೦ ಹರ್ಟ್ಸ್. ನಮ್ಮ ಶಿವನಸಮುದ್ರದಲ್ಲಿ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗಾಗಿ ಉತ್ಪಾದನೆ ಆರಂಭವಾದಾಗ ಆವೃತ್ತಿ ೨೫ ಆಗಿದ್ದಿತು.

ಅದೃಷ್ಟಕ್ಕೆ, ಕಾಯುವ ತಂತಿಗೆ ಆವೃತ್ತಿಯ ಗೊಡವೆಯಿಲ್ಲ. ಆದರೆ ವಿದ್ಯುದಯಸ್ಕಾಂತದ ಕಂಪನದಿಂದ ನಡೆಯುವ ಕೂದಲು ಕತ್ತರಿಸುವ ಯಂತ್ರಗಳು ಆವೃತ್ತಿ ಬದಲಾದಾಗ ಸರಿಯಾಗಿ ಕೆಲಸಮಾಡದೆ ಬರಿಯ ಗದ್ದಲ ಮಾಡಬಹುದು.

ಉಪಾಯಗಳು

ಯಾವ ಉಪಕರಣವನ್ನೇ ಆಗಲಿ ಪೆಟ್ಟಿಗೆಗೆ ತುಂಬುವ ಮೊದಲು ಅದರ ಹಿಡಿಯ ಮೇಲೋ ಪ್ಲಗ್ಗಿನ ಮೇಲೋ ಇರುವ ಸಣ್ಣ ಅಕ್ಷರಗಳನ್ನು ಓದಬೇಕು. ೧೦೦ರಿಂದ ೨೪೦ ವೋಲ್ಟು, ೫೦/೬೦ ಹರ್ಟ್ಸ್ ಎಂದಿದ್ದರೆ ಎಲ್ಲ ದೇಶಗಳಲ್ಲಿಯೂ ನಡೆದೀತು. ಮೊಬೈಲ್ ಚಾರ್ಜರುಗಳ ಮೇಲೆ ಸಾಮಾನ್ಯವಾಗಿ ಇದೇ ಬರಹವಿರುತ್ತದೆ. ಅವು ಎಲ್ಲಿಯೂ ನಡೆಯುವುದನ್ನು ಕಂಡು ಡ್ರೈಯರೂ ನಡೆದೀತೆಂದು ನಂಬುವುದೇ ಅನೇಕರು ಮಾಡುವ ತಪ್ಪು. ೨೨೦–೨೪೦ ಎಂದೋ ೧೨೦ ಎಂದೋ ಮಾತ್ರ ಇದ್ದರೆ ಆ ಯಂತ್ರವು ಒಂದು ಬಗೆಯ ವಿದ್ಯುತ್ತಿಗೆ ಮಾತ್ರ ತಕ್ಕುದು.

೧೨೦/೨೪೦ ಎಂದು ಎರಡು ಅಂಕಿಗಳಿದ್ದರೆ ಅದರಲ್ಲಿ ತಿರುಗಿಸುವ ಒಂದು ಚಿಕ್ಕ ಕೀಲಿ ಇರುವುದು ಸಾಮಾನ್ಯ. ಇದರ ತತ್ತ್ವ ಸೊಗಸಾದುದು. ಒಳಗೆ ತಲಾ ೨೪ ಓಮಿನ ಎರಡು ಸುರುಳಿಗಳಿವೆಯೆಂದು ಭಾವಿಸೋಣ. ಅವನ್ನು ಅಕ್ಕಪಕ್ಕದಲ್ಲಿ ಜೋಡಿಸಿದರೆ ಒಟ್ಟು ರೋಧ ೧೨ ಓಮು. ೧೨೦ ವೋಲ್ಟಿನಲ್ಲಿ ೧೨೦೦ ವಾಟು. ಒಂದರ ಹಿಂದೊಂದು ಜೋಡಿಸಿದರೆ ೪೮ ಓಮು. ೨೪೦ ವೋಲ್ಟಿನಲ್ಲಿ ಮತ್ತೆ ಅದೇ ೧೨೦೦ ವಾಟು! ಆದರೆ ಕೀಲಿಯನ್ನು ತಿರುಗಿಸಲು ಮರೆತರೆ ನಮ್ಮ ತರುಣಿಗೆ ಆದ ಗತಿಯೇ. ಅಮೆರಿಕದಿಂದ ಹಿಂದಿರುಗಿದ ದಿನವೇ ಅದನ್ನು ೨೪೦ಕ್ಕೆ ತಿರುಗಿಸಿಡುವುದು ಕ್ಷೇಮ.

ಕೂದಲನ್ನು ನೇರಮಾಡುವ ಸ್ಟ್ರೈಟ್ನರುಗಳಲ್ಲಿ ಬೇರೊಂದು ಜಾಣ್ಮೆಯುಂಟು. ಕೆಲವುಗಳಲ್ಲಿ ತಂತಿಗೆ ಬದಲಾಗಿ ಬೇರಿಯಂ ಟೈಟನೇಟ್ ಜಾತಿಯ ಪಿಂಗಾಣಿಯ ಬಿಲ್ಲೆಗಳಿರುತ್ತವೆ. ಒಂದು ಗೊತ್ತಾದ ಉಷ್ಣತೆಯನ್ನು ಮುಟ್ಟಿದೊಡನೆ ಇದರ ರೋಧವು ಥಟ್ಟನೆ ಬಹುಪಟ್ಟು ಏರುತ್ತದೆ. ವಿದ್ಯುತ್ತಿನ ಹರಿವು ತಾನಾಗಿಯೇ ತಗ್ಗುತ್ತದೆ. ಆದುದರಿಂದ ವೋಲ್ಟು ೧೦೦ ಆಗಲಿ ೨೪೦ ಆಗಲಿ, ಕೊನೆಯ ಉಷ್ಣತೆ ಹೆಚ್ಚು ಕಡಮೆ ಒಂದೇ. ಪ್ರಯಾಣಕ್ಕೆ ಸ್ಟ್ರೈಟ್ನರು ಡ್ರೈಯರಿಗಿಂತ ಸುಲಭವಾಗಿ ದೊರಕುವುದಕ್ಕೆ ಇದೊಂದು ಕಾರಣ. ಎಲ್ಲವೂ ಈ ಬಗೆಯವಲ್ಲವಾದುದರಿಂದ ಇಲ್ಲಿಯೂ ಬರಹವನ್ನು ಓದಲೇಬೇಕು.

ಟ್ರಾನ್ಸ್‌ಫಾರ್ಮರನ್ನೇ ಒಯ್ಯಬಾರದೆ ಎಂದು ವಾಚಕರು ಕೇಳಬಹುದು. ೧೨೦೦ ವಾಟನ್ನು ತಾಳುವ ಟ್ರಾನ್ಸ್‌ಫಾರ್ಮರು ಕಬ್ಬಿಣ ತಾಮ್ರಗಳ ಗಟ್ಟಿ. ಹಲವು ಕಿಲೋಗ್ರಾಂ ತೂಗುತ್ತದೆ. ಹಗುರವಾದ ಎಲೆಕ್ಟ್ರಾನಿಕ್ ಪರಿವರ್ತಕಗಳೂ ಇವೆ. ಇವು ವಿದ್ಯುತ್ತಿನ ಪ್ರತಿಯೊಂದು ಅಲೆಯ ಒಂದು ಭಾಗವನ್ನು ಕತ್ತರಿಸಿಹಾಕಿ ಉಳಿದುದನ್ನು ಬಿಡುತ್ತವೆ. ಬರಿಯ ತಂತಿಯ ಉಪಕರಣಗಳಿಗೆ ಸ್ವಲ್ಪ ಹೊತ್ತು ಇದು ಸಾಕು. ಉಷ್ಣತೆಯನ್ನು ಅಂಕಿಗಳಲ್ಲಿ ತೋರಿಸುವ, ಎಲೆಕ್ಟ್ರಾನಿಕ್ ಭಾಗಗಳುಳ್ಳ ಉಪಕರಣಗಳನ್ನು ಈ ಮುರಿದ ಅಲೆ ಕೆಡಿಸಬಹುದು. ಕೆಲವೇ ವಾರಗಳ ಪ್ರವಾಸವಾದರೆ ತಂಗುವೆಡೆಯಲ್ಲಿ ಇರುವ ಡ್ರೈಯರನ್ನೇ ಬಳಸುವುದು ಅಥವಾ ಅಲ್ಲಿಯೇ ಸಾಧಾರಣವಾದುದೊಂದನ್ನು ಕೊಳ್ಳುವುದು ಲೇಸು.

ಇನ್ನೊಂದು ಎಚ್ಚರಿಕೆ. ಬ್ರಿಟನ್ ಮೊದಲಾದ ದೇಶಗಳ ಸ್ನಾನಗೃಹಗಳಲ್ಲಿ ಕ್ಷೌರಯಂತ್ರಕ್ಕೆಂದು ಎರಡು ರಂಧ್ರದ ಸಾಕೆಟ್ಟಿರುತ್ತದೆ. ಅದರ ಹಿಂದಿರುವುದು ಕೆಲವೇ ಹತ್ತು ವಾಟುಗಳನ್ನು ತಾಳುವ ಪುಟ್ಟ ಟ್ರಾನ್ಸ್‌ಫಾರ್ಮರು. ಒದ್ದೆಗೈಯವರಿಗೆ ಆಘಾತವಾಗದಿರಲೆಂದು ಮಾಡಿದ ಏರ್ಪಾಡದು. ಡ್ರೈಯರನ್ನು ಅದಕ್ಕೆ ಸಿಕ್ಕಿಸಬಾರದು.

ಕತ್ತಲಾದ ಆ ಮನೆಯಲ್ಲಿ ಮುಂದೇನಾಯಿತೆಂಬ ಕುತೂಹಲ ವಾಚಕರಿಗಿದ್ದೀತು. ಅಜ್ಜಿಯವರು ಒಂದು ತೆಳ್ಳನೆಯ ಪಂಚೆಯಿಂದ ಮೊಮ್ಮಗಳ ತಲೆಯನ್ನು ತಿಕ್ಕಿ, ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆಯೂಡಿ, ಆರೂವರೆಯ ಹೊತ್ತಿಗೆ ಜಡೆ ಹೆಣೆದು ಹೂ ಮುಡಿಸಿದರು. ಆ ಸಾಧನಕ್ಕೆ ಯಾವ ದೇಶದಲ್ಲಿಯೂ ವೋಲ್ಟಿನ ತೊಡಕಿಲ್ಲ. ಆದರೆ ಯಂತ್ರವನ್ನು ನಂಬಿ ಹೊರಡುವವರು ಒಂದನ್ನು ನೆನಪಿಟ್ಟರೆ ಸಾಕು: ಪ್ಲಗ್ಗು ರಂಧ್ರಕ್ಕೆ ಹೊಂದಿದ ಮಾತ್ರಕ್ಕೆ ಯಂತ್ರವು ವಿದ್ಯುತ್ತಿಗೆ ಹೊಂದಿತೆಂದು ಅರ್ಥವಲ್ಲ.