ಗ್ಯಾಸ್ಟ್ರೈಟಿಸ್‌ಗೂ ಒಂದು ಲೋಪಸಂಧಿ

ಕನ್ನಡ ಮಾಧ್ಯಮದಲ್ಲಿ ಓದಿ ನರ್ಸಿಂಗ್ ಸೇರುವವರಿಗೆ ಮೊದಲ ವರ್ಷ ರೋಗಗಳ ಹೆಸರೇ ದೊಡ್ಡ ಭಯ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಬಸ್ಸಿನಲ್ಲಿ ಓಡಾಡಿ ಕಲಿತ ನನಗೂ ಇತ್ತು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನ ಪುಸ್ತಕದಲ್ಲಿ ಗ್ರೀಕ್ ಮೂಲದ ಉದ್ದುದ್ದ ಪದಗಳು.

ಕೈಹಿಡಿದದ್ದು ಹೈಸ್ಕೂಲಿನ ಕನ್ನಡ ವ್ಯಾಕರಣ. ಊರು, ಅಲ್ಲಿ ಎರಡೂ ಸೇರಿ ಊರಲ್ಲಿ ಆಗುವಾಗ ಉಕಾರ ಲೋಪವಾಗುತ್ತದಲ್ಲ, ಗ್ರೀಕ್ ಪದಗಳಲ್ಲೂ ಅಂಥದ್ದೇ ನಡೆಯುತ್ತದೆ. ಜಠರಕ್ಕೆ ಗ್ಯಾಸ್ಟ್ರೋ, ಉರಿಯೂತಕ್ಕೆ ಐಟಿಸ್. ಸೇರಿದಾಗ ಓಕಾರ ಬಿದ್ದು ಗ್ಯಾಸ್ಟ್ರೈಟಿಸ್. ಎರಡು ಅಂಗಗಳ ಹೆಸರು ಕೂಡಿದರೆ ಮಾತ್ರ ಆ ಓಕಾರ ಸಾಮಾನ್ಯವಾಗಿ ಉಳಿಯುತ್ತದೆ: ಗ್ಯಾಸ್ಟ್ರೋಎಂಟರೈಟಿಸ್, ಆಸ್ಟಿಯೋಆರ್ಥ್ರೈಟಿಸ್. ನಮ್ಮ ಪ್ರಕೃತಿಭಾವ ನೆನಪಾಗುತ್ತದೆ. ನಮ್ಮ ಜಿಲ್ಲೆಗೆ ಕೊಳವೆಬಾವಿ ನೀರು ತಂದ ಫ್ಲೋರೋಸಿಸ್ ಕೂಡ ಹೀಗೆ ಕಟ್ಟಿದ ಪದವೇ, ಅದರ ತಲೆ ಲ್ಯಾಟಿನ್ನಿನದು, ಓಸಿಸ್ ಪ್ರತ್ಯಯ ಗ್ರೀಕಿನದು.

ಬಿಡಿಸಲು ಬಂದ ಮೇಲೆ ಉಳಿದದ್ದು ಉಚ್ಚಾರಣೆಯ ಒತ್ತು. ಕನ್ನಡದಲ್ಲಿ ಒತ್ತು ಜಾಗ ಬದಲಿಸಿದರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ಒಂದು ತುಣುಕು ಎದ್ದು ಕೇಳಿದರೆ ಉಳಿದವು ಕುಗ್ಗುತ್ತವೆ, ಎಲ್ಲಿ ಏಳಬೇಕೆಂಬುದನ್ನು ಹೆಚ್ಚಾಗಿ ಪ್ರತ್ಯಯವೇ ಹೇಳುತ್ತದೆ. ಐಟಿಸ್ ಇದ್ದರೆ ಐ ಮೇಲೆ, ಓಸಿಸ್ ಇದ್ದರೆ ಓ ಮೇಲೆ, ಎಕ್ಟಮಿ ಇದ್ದರೆ ಎಕ್ ಮೇಲೆ. ಲಜಿ, ಗ್ರಫಿ, ಸ್ಕಪಿ ಎಂದು ಮುಗಿದರೆ ಕೊನೆಯಿಂದ ಮೂರನೆಯ ತುಣುಕಿನ ಮೇಲೆ. ಹಾಗಾಗಿ ಎಂಡೋಸ್ಕೋಪ್‌ನಲ್ಲಿ ಎನ್ ಮೇಲಿದ್ದ ಒತ್ತು ಎನ್‌-ಡಾಸ್‌-ಕ-ಪಿ ಆದಾಗ ಡಾಸ್‌ಗೆ ಸರಿಯುತ್ತದೆ.

ನನಗೆ ತುಂಬ ಇಷ್ಟವಾದ ಪದ ಬಿಪಿ ನೋಡುವ ಉಪಕರಣದ್ದು. ಅರ್ಥಕ್ಕಾಗಿ ಬಿಡಿಸಿದರೆ ಸ್ಫಿಗ್ಮೋ, ಮ್ಯಾನೋ, ಮೀಟರ್. ಸ್ಫಿಗ್ಮೋಸ್ ಎಂದರೆ ಗ್ರೀಕಿನಲ್ಲಿ ನಾಡಿ. ಬಾಯಲ್ಲಿ ಹೇಳುವಾಗ ಸ್ಫಿಗ್-ಮೋ-ಮ-ನಾಮ್-ಇ-ಟರ್, ಒತ್ತು ನಾಮ್ ಮೇಲೆ. ಮೀಟರಿನ ಮಕಾರ ಹಿಂದಿನ ತುಣುಕಿಗೆ ಹೋಗಿ ಸೇರಿದೆ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕುವಾಗ ಪದದ ನಡುವೆಯೇ ಗಣ ಮುರಿಯುವುದನ್ನು ಕಂಡವರಿಗೆ ಇದು ಹೊಸದಲ್ಲ. ಅರ್ಥದ ಗೆರೆ ಬೇರೆ, ಉಚ್ಚಾರದ ಗೆರೆ ಬೇರೆ ಎಂದು ಒಮ್ಮೆ ತಿಳಿದರೆ ಎಂಥ ಪದವನ್ನೂ ಓದಬಹುದು.

ರೋಗಿಯ ಹತ್ತಿರ ಈ ಪದಗಳು ಬೇಕಿಲ್ಲ, ಅಲ್ಲಿ ಬಿಪಿ, ಕೀಲುನೋವು ಸಾಕು. ಡ್ಯೂಟಿ ಬದಲಾಗುವಾಗ, ಡಾಕ್ಟರಿಗೆ ಫೋನಿನಲ್ಲಿ ಹೇಳುವಾಗ ಬೇಕು. ಹೈಪೋ ಎಂದರೆ ಕಡಿಮೆ, ಹೈಪರ್ ಎಂದರೆ ಹೆಚ್ಚು. ಅಲ್ಲಿ ಒಂದು ರಕಾರ ನುಂಗಿದರೆ ಚಿಕಿತ್ಸೆಯೇ ತಲೆಕೆಳಗಾದೀತು.

ನರ್ಸಿಂಗ್ ಸೇರುವ ತಂಗಿಯರೇ, ತಮ್ಮಂದಿರೇ, ಹತ್ತನೇ ತರಗತಿಯ ಕನ್ನಡ ವ್ಯಾಕರಣ ಪುಸ್ತಕವನ್ನು ರದ್ದಿಗೆ ಹಾಕಬೇಡಿ.