ಹಕ್ಕಿ ನೋಡಬೇಕೆ? ಮೊದಲು ಹುಳು ಹುಡುಕಿ

ಭಾದ್ರಪದದಲ್ಲಿ ಮಳೆ ಹೊಳವಾದರೆ ಸಾಕು, ಲಿಂಗಂಪಲ್ಲಿಯ ಹಕ್ಕಿಹುಚ್ಚರು ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡು ನಲ್ಲಗಂಡ್ಲ ಕೆರೆಗೋ ಹೈದರಾಬಾದ್ ವಿಶ್ವವಿದ್ಯಾಲಯದ ಬಂಡೆಗಳತ್ತಲೋ ಹೊರಡುತ್ತಾರೆ. ನಾನೂ ಹೋಗುತ್ತೇನೆ. ಆದರೆ ಈ ಕಾಲದಲ್ಲಿ ಕಣ್ಣು ಮೊದಲು ಇಳಿಯಬೇಕಾದ್ದು ಸೊಂಟದೆತ್ತರದ ಪೊದೆಗೆ; ಇಲ್ಲಿನ ಓಡಾಟದಲ್ಲಿ ನಾನು ಕಲಿತದ್ದಿಷ್ಟು.

ಆವರಿಕೆಯನ್ನೇ ನೋಡಿ. ತೆಲುಗರ ತಂಗೇಡು, ತೆಲಂಗಾಣದ ರಾಜ್ಯಪುಷ್ಪ. ತಿಳಿಹಸಿರು ಛಾಯೆಯ ಬಿಳಿ ಚಿಟ್ಟೆಯೊಂದು ಎಳೆ ಎಲೆಗೆ ಹೊಟ್ಟೆಯ ತುದಿ ತಾಗಿಸಿ ಹಾರಿದರೆ, ಅಲ್ಲೊಂದು ಬಿಳಿ ಮೊಟ್ಟೆ ನೆಟ್ಟಗೆ ನಿಂತಿರುತ್ತದೆ. ಮರಿಹುಳು ಎಲೆಯ ನಡುನರದ ಮೇಲೆ ಉದ್ದಕ್ಕೆ ಮಲಗಿಬಿಟ್ಟರೆ ಪಕ್ಕೆಯ ತೆಳುಗೆರೆಯೊಂದೇ ಗುರುತು. ಮಹಾಲಯ ಅಮಾವಾಸ್ಯೆಗೆ ಬತುಕಮ್ಮ ಹಬ್ಬ ಶುರು. ಹೆಂಗಸರು ಬುಟ್ಟಿಗಟ್ಟಲೆ ಹೂ ಕೀಳುತ್ತಾರೆ. ಕೀಳಲಿ, ಹುಳುವಿಗೆ ಬೇಕಾದ್ದು ಎಲೆ. ಅದರ ನಿಜವಾದ ಶತ್ರು ಸೈಟು ಸಮ ಮಾಡುವ ಜೆಸಿಬಿ. ವಿಶ್ವವಿದ್ಯಾಲಯದ ಪಕ್ಕದ ಕಂಚ ಗಚ್ಚಿಬೌಲಿಯ 400 ಎಕರೆಯಲ್ಲಿ ಮರ ಕಡಿಯುವುದನ್ನು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ತಡೆದಾಗ ಎಲ್ಲರ ಬಾಯಲ್ಲೂ ನವಿಲು, ಜಿಂಕೆ. ಪೊದೆಯ ಮಾತು ಎತ್ತಿದವರನ್ನು ನಾನಂತೂ ಕಾಣಲಿಲ್ಲ.

ಸಂಜೆ ಖಾಲಿ ಸೈಟುಗಳ ಮೇಲೆ ಹಳದಿ ಏರೋಪ್ಲೇನ್ ಚಿಟ್ಟೆಗಳು ಹಿಂಡುಗಟ್ಟುತ್ತವೆ. ಈ ಜಾತಿಯವು ಅಕ್ಟೋಬರ್ ಹೊತ್ತಿಗೆ ಮಾಲ್ಡೀವ್ಸ್‌ನಲ್ಲಿ ಕಾಣಿಸಿಕೊಳ್ಳುವುದನ್ನು ವರ್ಷಗಟ್ಟಲೆ ಗಮನಿಸಿದ ಚಾರ್ಲ್ಸ್ ಆಂಡರ್ಸನ್, ಭಾರತದಿಂದ ಹೊರಟು ಸಾಗರ ದಾಟಿ ಆಫ್ರಿಕಾಕ್ಕೆ ಹೋಗುತ್ತವೆ ಎಂದು 2009ರಲ್ಲಿ ಬರೆದರು. ನಮ್ಮ ಕಳ್ಳಿಪೀರಕ್ಕೆ ಅದೆಲ್ಲ ಬೇಕಿಲ್ಲ: ಕರೆಂಟ್ ತಂತಿಯಿಂದ ಜಿಗಿದು, ಒಂದನ್ನು ಕಚ್ಚಿ ತಂದು, ತಂತಿಗೇ ಪಟಪಟ ಬಡಿದು ನುಂಗುತ್ತದೆ. ಹಿಂಡು ಕಂಡಲ್ಲಿ ನಿಂತುಬಿಡಿ, ಹಕ್ಕಿ ತಾನಾಗಿ ಬರುತ್ತದೆ. ಸೆಪ್ಟೆಂಬರ್‌ನಲ್ಲೇ ಉತ್ತರದಿಂದ ಇಳಿಯುವ ಬೂದು ಸಿಪಿಲೆಯೂ ಹೀಗೆಯೇ, ಹುಳು ಹೇರಳವಾಗಿರುವ ನೀರಂಚು ಬಿಟ್ಟು ಅಲುಗದು.

ದಸರಾದಂದು ಪಾಲಪಿಟ್ಟ ಕಂಡರೆ ಶುಭ ಎನ್ನುತ್ತಾರೆ ಇಲ್ಲಿ. ಅದು ನಮ್ಮ ನೀಲಕಂಠವೇ. ಕರ್ನಾಟಕ, ತೆಲಂಗಾಣ ಎರಡಕ್ಕೂ ರಾಜ್ಯಪಕ್ಷಿ. ಆ ನಂಬಿಕೆಯ ಬೆನ್ನಲ್ಲೇ ಹಕ್ಕಿ ಹಿಡಿದು, ಪಂಜರದಲ್ಲಿಟ್ಟು ತೋರಿಸಿ ಕಾಸು ಕೇಳುವವರೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ. ಅವರಿಗೆ ಕಾಸು ಕೊಡಬೇಡಿ. ನಡೆದರೆ ಮಿಡತೆ ಚಿಮ್ಮುವಂಥ ಹುಲ್ಲು ಬಯಲು ಹುಡುಕಿ, ಅದರಂಚಿನ ತಂತಿ, ಕಂಬಗಳನ್ನು ಒಂದೊಂದಾಗಿ ನೋಡುತ್ತ ಹೋಗಿ. ಬೆಳಿಗ್ಗೆ ಎಂಟರೊಳಗಾದರೆ ಒಳ್ಳೆಯದು, ಆಮೇಲೆ ಹಬ್ಬದ ಟ್ರಾಫಿಕ್ಕು.